ಲೈಮ್ ರೀಜಿಸ್ಸಿನ ಕಡಲ ದಡದಲ್ಲಿ

ಇಂಗ್ಲೆಂಡಿನ ತೆಂಕಣ ಕಡಲ ದಡದಲ್ಲಿ, ಡಾರ್ಸೆಟ್ ಪ್ರಾಂತ್ಯವು ಮುಗಿದು ಡೆವನ್ ಪ್ರಾಂತ್ಯವು ಮೊದಲಾಗುವೆಡೆಯಲ್ಲಿ, ಲೈಮ್ ರೀಜಿಸ್ ಎಂಬ ಸಣ್ಣ ಊರೊಂದಿದೆ. ಅಲ್ಲಿಯ ಜನಸಂಖ್ಯೆ ನಾಲ್ಕು ಸಾವಿರಕ್ಕೆ ಒಳಗೇ. ನಮ್ಮ ಕಡೆಯ ಒಂದು ಹೋಬಳಿಯ ಊರಿಗಿಂತ ಹಿರಿದೇನೂ ಅಲ್ಲ. ಅರಮನೆಯಿಲ್ಲ, ದೊಡ್ಡ ಕಾರ್ಖಾನೆಯಿಲ್ಲ, ಹೆಸರಾಂತ ವಿದ್ಯಾಪೀಠವಿಲ್ಲ. ಆದರೂ ಭೂಮಿಯ ಪೂರ್ವಚರಿತ್ರೆಯನ್ನು ತಿಳಿಯಬೇಕೆಂಬವರು ಒಮ್ಮೆಯಾದರೂ ಇಲ್ಲಿಗೆ ಬಂದು ಹೋಗಬೇಕೆಂದು ಆಸೆಪಡುತ್ತಾರೆ. ಅದಕ್ಕೆ ಕಾರಣ ಊರಿನ ಎರಡು ಪಕ್ಕಗಳಲ್ಲಿಯೂ ಕಡಲಿಗೆ ಎದೆಗೊಟ್ಟು ನಿಂತಿರುವ ಕಪ್ಪು ದರೆಗಳು.

ಲಂಡನ್ನಿನ ವಾಟರ್ಲೂ ನಿಲ್ದಾಣದಲ್ಲಿ ರೈಲು ಹತ್ತಿ ಆಕ್ಸ್‌ಮಿನ್‌ಸ್ಟರ್ ಎಂಬಲ್ಲಿ ಇಳಿಯಬೇಕು. ಅಲ್ಲಿಂದ ಊರೊಳಕ್ಕೇ ಬರುತ್ತಿದ್ದ ಚಿಕ್ಕ ರೈಲುದಾರಿಯನ್ನು 1965ರಲ್ಲಿ ಮುಚ್ಚಿಬಿಟ್ಟುದರಿಂದ, ಉಳಿದ ದಾರಿಗೆ ಬಸ್ಸೇ ಗತಿ. ನನ್ನೊಂದಿಗೆ ನನ್ನ ಮನೆಯವರೂ, ಆ ದೇಶದಲ್ಲಿ ಓದುತ್ತಿರುವ ನನ್ನ ಅಣ್ಣನ ಮಗಳೂ ಇದ್ದರು. ಬಸ್ಸು ಇಳಿಜಾರಿನಲ್ಲಿ ಬಳಸಿ ಬಳಸಿ ಇಳಿಯುತ್ತಿರಲು, ಮನೆಗಳ ಮಾಡುಗಳ ನಡುವಣಿಂದ ಕಡಲು ತಟ್ಟನೆ ಕಾಣಿಸಿಕೊಳ್ಳುತ್ತದೆ. ಕಾಬ್ ಎಂದು ಕರೆಯುವ ಹಳೆಯ ಕಲ್ಲಿನ ಅಲೆತಡೆಯು ಕೊಕ್ಕೆಯಂತೆ ಬಾಗಿ ನೀರಿನೊಳಕ್ಕೆ ಚಾಚಿಕೊಂಡಿದೆ. ಅದರ ಮೇಲೆ ಗಾಳಿ ಬೀಸುವ ಭರಾಟೆಯಲ್ಲಿ ಸೀರೆ ಉಟ್ಟವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ನಡೆಯಬೇಕು.

ಊರಿನಿಂದ ಮೂಡಣಕ್ಕೆ, ಚಾರ್ಮೌತ್ ಎಂಬ ಹಳ್ಳಿಯವರೆಗೂ ಈ ದರೆಗಳು ಸಾಗಿವೆ. ಹತ್ತಿರ ಹೋಗಿ ನೋಡಲಾಗಿ, ನಸುನೀಲಿಯ ಸುಣ್ಣಗಲ್ಲಿನ ಒಂದು ಪಟ್ಟಿ, ಅದರ ಮೇಲೆ ಕಪ್ಪು ಜೇಡಿಗಲ್ಲಿನ ಒಂದು ಪಟ್ಟಿ, ಮತ್ತೆ ಸುಣ್ಣಗಲ್ಲು, ಮತ್ತೆ ಜೇಡಿ, ಹೀಗೆ ಚಿರೋಟಿಯ ಪದರಗಳಂತೆ ಒಂದರ ಮೇಲೊಂದು ಕುಳಿತಿರುವುದು ಕಾಣುತ್ತದೆ. ಇದಕ್ಕೆ ಭೂಶಾಸ್ತ್ರಜ್ಞರು ನೀಲಿ ಲಯಾಸ್ ಎಂದು ಹೆಸರಿಟ್ಟಿದ್ದಾರೆ. ಸುಮಾರು 20 ಕೋಟಿ ವರ್ಷಗಳ ಹಿಂದೆ ಇದೆಲ್ಲವೂ ಬೆಚ್ಚನೆಯ ಒಂದು ಕಡಲಿನ ತಳದ ಕೆಸರಾಗಿದ್ದಿತು. ಆ ಕೆಸರಿನಲ್ಲಿ ಪ್ರಾಣವಾಯುವು ಕಡಿಮೆಯಾಗಿದ್ದುದರಿಂದ ಅದರಲ್ಲಿ ಬಿದ್ದ ಹೆಣಗಳನ್ನು ತಿಂದು ಚೆಲ್ಲಾಪಿಲ್ಲಿ ಮಾಡುವ ಜಂತುಗಳು ವಿರಳವಾಗಿದ್ದುವು. ಹೀಗಾಗಿ ಎಷ್ಟೋ ಪ್ರಾಣಿಗಳ ಎಲುಬುಗಳು ಸತ್ತ ಭಂಗಿಯಲ್ಲಿಯೇ ಕಲ್ಲಾಗಿ ಉಳಿದುವು. ಈ ಕರಾವಳಿಯನ್ನು ಯುನೆಸ್ಕೋ ಸಂಸ್ಥೆಯು 2001ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ದರೆಯೇನೋ ಗಟ್ಟಿಯಾದುದಲ್ಲ. ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಘಟ್ಟದ ರಸ್ತೆ ಕುಸಿಯುವಂತೆ ಇದೂ ಕುಸಿಯುತ್ತದೆ. 2008ರ ಮೇ ತಿಂಗಳಲ್ಲಿ ಊರಿಗೂ ಚಾರ್ಮೌತಿಗೂ ನಡುವೆ ಸುಮಾರು 400 ಮೀಟರುಗಳಷ್ಟು ಉದ್ದದ ಭಾಗವು ಒಮ್ಮೆಲೇ ಜಾರಿ ಬಂದಿತು. ಜಾರಿ ಬಿದ್ದ ಮಣ್ಣನ್ನು ಅಲೆಗಳು ತೊಳೆಯುತ್ತವೆ. ತೊಳೆದಾಗ ಒಳಗಿದ್ದುದು ಹೊರಬೀಳುತ್ತದೆ. ಹೊರಬಿದ್ದುದನ್ನು ಯಾರಾದರೂ ಎತ್ತಿಕೊಳ್ಳದಿದ್ದರೆ ಅದೇ ಅಲೆಗಳು ನಾಲ್ಕು ದಿನಗಳಲ್ಲಿ ಅದನ್ನು ಅರೆದು ಮರಳು ಮಾಡಿಬಿಡುತ್ತವೆ. 20 ಕೋಟಿ ವರ್ಷಗಳು ಉಳಿದ ಎಲುಬಿಗೆ ಬೆಳಕು ಕಂಡ ಮೇಲಿನ ಆಯುಸ್ಸು ಇಷ್ಟೇ. ಆದಕಾರಣ ಇಲ್ಲಿ ಕಲ್ಲು ಆಯುವವರನ್ನು ಸರಕಾರವು ತಡೆಯುವುದಿಲ್ಲ. ಮುಖ್ಯವಾದುದು ದೊರೆತಲ್ಲಿ ಚಾರ್ಮೌತಿನ ಕೇಂದ್ರದಲ್ಲಿ ದಾಖಲೆ ಮಾಡಿಸಬೇಕೆಂದೂ, ನಿಂತ ದರೆಯನ್ನು ಅಗೆಯಬಾರದೆಂದೂ ಕಟ್ಟುಪಾಡು ಮಾಡಿದ್ದಾರೆ. ಇದು ವಿವೇಕದ ಮಾತೆಂದೇ ನನಗೆ ತೋರಿತು.

ಕಡಲ ದಡದಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಕ್ಕುವುದು ಸುರುಳಿ ಸುತ್ತಿದ ಕಲ್ಲುಗಳು. ಅಂಗಡಿಗಳಲ್ಲಿಯೂ ಅವನ್ನು ಬುಟ್ಟಿಬುಟ್ಟಿಯಾಗಿ ಇಟ್ಟಿರುತ್ತಾರೆ. ನನ್ನ ಮನೆಯವರು ಅವುಗಳಲ್ಲಿ ಒಂದನ್ನು ಕೈಗೆತ್ತಿಕೊಂಡು, “ಇದು ಸಾಲಿಗ್ರಾಮವಲ್ಲವೇ? ಇದಕ್ಕೆ ಬೆಲೆಯ ಚೀಟಿ ಅಂಟಿಸಿದ್ದಾರಲ್ಲ!” ಎಂದು ನೊಂದುಕೊಂಡರು. ಸಾಲಿಗ್ರಾಮವನ್ನು ಕ್ರಯಕ್ಕೆ ಕೊಳ್ಳಬಾರದು, ಮಾರಬಾರದು ಎಂಬುದು ನಮ್ಮ ಹಿರಿಯರ ಕಟ್ಟಳೆಯಷ್ಟೆ. ಆಕೆಯ ಗುರುತು ಸರಿಯಾದುದೇ. ಗಂಡಕೀ ನದಿಯ ಕರಿಯ ಕಲ್ಲುಗಳೊಳಗಿನ ಚಕ್ರಗಳೂ ಇಲ್ಲಿಯ ಸುರುಳಿಗಳೂ ಒಂದೇ ಕುಲದ, ಅಮೋನೈಟ್ ಎಂಬ ಅಳಿದುಹೋದ ಕಡಲ ಪ್ರಾಣಿಯ ಚಿಪ್ಪಿನ ಅಚ್ಚುಗಳು. ಹಿಮಾಲಯವು ಏಳುವುದಕ್ಕೆ ಮೊದಲು ಅಲ್ಲಿಯೂ ಕಡಲಿದ್ದಿತು. ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿ ತಲೆಮಾರುಗಳಿಂದ ಒಂದು ಪಳೆಯುಳಿಕೆ ಕುಳಿತಿದೆಯೆಂಬುದನ್ನು ನೆನೆದರೆ, ಈ ಶಾಸ್ತ್ರವು ನಮಗೆ ಅಷ್ಟೇನೂ ಪರಕೀಯವಲ್ಲವೆಂದು ಅನಿಸುತ್ತದೆ.

ಆದರೆ ಲೈಮ್ ರೀಜಿಸ್ಸಿಗೆ ಹೆಸರು ಬಂದುದು ಸುರುಳಿಗಲ್ಲುಗಳಿಂದಲ್ಲ. ಆ ಕಡಲಿನಲ್ಲಿ ಆಳಿದ ದೊಡ್ಡ ಸರೀಸೃಪಗಳಿಂದ. ವಾಚಕರಲ್ಲಿ ಅನೇಕರು ಇವನ್ನು ಡೈನೋಸಾರ್‌ಗಳೆಂದು ಕರೆಯುವುದನ್ನು ಕೇಳಿರಬಹುದು. ಮಕ್ಕಳ ಚಿತ್ರಪುಸ್ತಕಗಳಲ್ಲಂತೂ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿರುತ್ತಾರೆ. ಅದು ತಪ್ಪು. ಡೈನೋಸಾರ್ ಎಂಬ ಹೆಸರನ್ನು ರಿಚರ್ಡ್ ಓವೆನ್ ಎಂಬ ಪಂಡಿತನು 1842ರಲ್ಲಿ ನೆಲದ ಮೇಲೆ ಕಾಲುಗಳನ್ನು ನೇರವಾಗಿ ಊರಿ ನಡೆಯುತ್ತಿದ್ದ ಒಂದು ಗುಂಪಿಗೆ ಕೊಟ್ಟನು. ಕಡಲಿನವುಗಳ ವಂಶಗಳೇ ಬೇರೆ. ಮೀನಿನಂತೆ ಮೈಯುಳ್ಳ ಇಕ್ತಿಯೋಸಾರ್ ಒಂದು. ಅಗಲವಾದ ಒಡಲೂ ನಾಲ್ಕು ಹುಟ್ಟುಗಳಂತಹ ಅಂಗಗಳೂ ಇರುವ ಪ್ಲೀಸಿಯೋಸಾರ್ ಮತ್ತೊಂದು. ಇವುಗಳ ಕಾಲಕ್ಕೆ ಬಹಳ ತರುವಾಯ ಬಂದ ಮೋಸಾಸಾರ್ ಎಂಬ ಮೂರನೆಯದು ನಮ್ಮ ಹೊಲಗದ್ದೆಗಳ ಉಡಕ್ಕೆ ನಂಟು. ಈ ಮೂರನೆಯದರ ತಲೆಯೋಡು ಹಾಲೆಂಡಿನ ಮಾಸ್ಟ್ರಿಕ್ಟ್ ಊರಿನ ಸುಣ್ಣಗಲ್ಲಿನ ಗಣಿಯಲ್ಲಿ ಹದಿನೆಂಟನೆಯ ಶತಮಾನದಲ್ಲಿ ದೊರೆತಾಗ, ಒಬ್ಬರು ಮೊಸಳೆಯೆಂದರು, ಒಬ್ಬರು ತಿಮಿಂಗಿಲವೆಂದರು. ಕೊನೆಗೆ ಅದು ಉಡದ ಬಳಗವೆಂದು ಆಡ್ರಿಯಾನ್ ಕಾಂಪರ್ ಹೇಳಿದುದನ್ನು ಫ್ರಾನ್ಸಿನ ಕೂವಿಯೇ ಪಂಡಿತನು ಸ್ಥಿರಪಡಿಸಿದನು.

ಇನ್ನು ಗುರುತಿಸುವುದು ಹೇಗೆ? ಪೂರ್ಣವಾದ ಅಸ್ಥಿಪಂಜರವಿದ್ದರೆ ಮಗುವೂ ಹೇಳಬಲ್ಲದು. ಆದರೆ ದಡದಲ್ಲಿ ಸಿಕ್ಕುವುದು ಸಾಮಾನ್ಯವಾಗಿ ಬೆನ್ನೆಲುಬಿನ ಒಂದು ಮಣಿ ಮಾತ್ರ. ಅಂಗಡಿಯೊಂದರ ಮುದುಕ ಯಜಮಾನರು ಎರಡು ಮಣಿಗಳನ್ನು ತಂದು ನಮ್ಮ ಮುಂದಿಟ್ಟು, ನನ್ನ ಅಣ್ಣನ ಮಗಳಿಗೆ, “ನೋಡಿ ಹೇಳಮ್ಮ” ಎಂಬರ್ಥದಲ್ಲಿ ಏನೋ ಅಂದರು. ಒಂದು ಮಣಿಯು ಕೇರಂ ಆಟದ ಕಾಯಿಯಂತೆ ಚಪ್ಪಟೆಯಾಗಿ, ಎರಡು ಮುಖಗಳಲ್ಲಿಯೂ ಬಟ್ಟಲಿನಂತೆ ಆಳವಾಗಿ ತಗ್ಗಿದ್ದಿತು. ಅದನ್ನು ನಡುವೆ ಕೊಯ್ದರೆ ಡಮರುವಿನ ಆಕಾರ ಬರುತ್ತದೆ. ಇನ್ನೊಂದು ಅದಕ್ಕಿಂತ ದಪ್ಪನಾಗಿ ಗಾಲಿಯ ಗುಂಬದಂತೆ ಇದ್ದು, ಅದರ ಮುಖಗಳು ಹೆಚ್ಚುಕಡಿಮೆ ಸಮತಟ್ಟಾಗಿದ್ದುವು; ತಿರುಗಿಸಿ ಅಡಿಯ ಭಾಗವನ್ನು ನೋಡಿದಾಗ ಅಕ್ಕಪಕ್ಕದಲ್ಲಿ ಎರಡು ಸಣ್ಣ ತೂತುಗಳು ಕಂಡುವು.

“ಚಿಕ್ಕಪ್ಪ, ಬಟ್ಟಲಿನ ಹಾಗಿರುವುದು ಮೀನಿನದಲ್ಲವೇ? ಮೀನಿನ ಬೆನ್ನುಮಣಿ ಹೀಗೆಯೇ ಇರುತ್ತದೆಂದು ನಮಗೆ ಪಾಠವಾಗಿತ್ತು” ಎಂದಳು ಹುಡುಗಿ.

ಇದೇ ಪ್ರಶ್ನೆಯು ಇನ್ನೂರು ವರ್ಷಗಳ ಹಿಂದಿನ ವಿದ್ವಾಂಸರನ್ನೂ ಕಾಡಿದ್ದಿತು. ಬಟ್ಟಲಿನಂತಹುದು ಇಕ್ತಿಯೋಸಾರ್‌ನದು, ಎರಡು ತೂತುಗಳುಳ್ಳುದು ಪ್ಲೀಸಿಯೋಸಾರ್‌ನದು. ಬೆನ್ನುಮಣಿಯನ್ನಷ್ಟೇ ನೋಡಿದರೆ ಇಕ್ತಿಯೋಸಾರ್ ಮೀನೇ ಸರಿ. ಮೀನಿನಂತೆ ಬಾಲವನ್ನು ಬೀಸಿ ಈಜುವ ಪ್ರಾಣಿಗೆ ಅಂತಹ ಮಣಿಯೇ ಒದಗಿಬರುವುದು. ಆದರೆ ಅದರ ತಲೆಯಲ್ಲಿ ಕಿವಿರಿನ ಎಲುಬುಗಳಿಲ್ಲ. ಮೂಗಿನ ಹೊಳ್ಳೆಗಳು ಕಣ್ಣಿನ ಮುಂದೆಯೇ ಇವೆ. ಅಂದರೆ ಅದು ನೀರಿನ ಮೇಲಕ್ಕೆ ಬಂದು ಉಸಿರೆಳೆಯುತ್ತಿದ್ದಿತು. ಕೆಳದವಡೆಯು ಸರೀಸೃಪಗಳಲ್ಲಿರುವಂತೆ ಹಲವು ಎಲುಬುಗಳ ಕೂಟ. ಈಜುವ ಹುಟ್ಟನ್ನು ಬಿಡಿಸಿ ನೋಡಿದರೆ ಒಳಗೆ ತೋಳು, ಮುಂಗೈ, ಬೆರಳುಗಳೆಲ್ಲವೂ ಇವೆ. ಬೆರಳಿನ ಗೆಣ್ಣುಗಳು ಮಾತ್ರ ಜೋಳದ ತೆನೆಯ ಕಾಳುಗಳಂತೆ ಒತ್ತೊತ್ತಾಗಿ ಸೇರಿಕೊಂಡಿವೆ. ಹೀಗೆ ಒಂದು ಅಂಗವು ಒಂದು ಕಡೆಗೆ ಸಾಕ್ಷಿ ಹೇಳಿದರೆ ಮೂರು ಅಂಗಗಳು ಇನ್ನೊಂದು ಕಡೆಗೆ ಹೇಳುತ್ತವೆ. ಬಾಳುವ ರೀತಿಗೆ ತಕ್ಕಂತೆ ಮಾರ್ಪಟ್ಟ ಅಂಗ ಯಾವುದು, ವಂಶದಿಂದ ಬಂದ ಅಂಗ ಯಾವುದು ಎಂದು ಬಿಡಿಸುವುದೇ ಈ ವಿದ್ಯೆಯ ತಿರುಳು. ವೇಷವನ್ನು ಕಂಡು ಕುಲವನ್ನು ಹೇಳಬಾರದೆಂಬುದು ಇಲ್ಲಿಯ ಮೊದಲ ಪಾಠ.

ಈಗ ಆ ಊರಿನ ವಸ್ತುಸಂಗ್ರಹಾಲಯವಿರುವ ಜಾಗದಲ್ಲಿ ಹಿಂದೆ ಒಂದು ಬಡ ಬಡಗಿಯ ಮನೆಯಿದ್ದಿತು. ರಿಚರ್ಡ್ ಆನಿಂಗ್ ಎಂಬ ಆತನು ಮರಗೆಲಸದ ಬಿಡುವಿನಲ್ಲಿ ದಡದ ಕಲ್ಲುಗಳನ್ನು ಆಯ್ದು ಪ್ರವಾಸಿಗಳಿಗೆ ಮಾರುತ್ತಿದ್ದನು. ಆತನ ಮಗಳು ಮೇರಿ ಹುಟ್ಟಿದುದು 1799ರಲ್ಲಿ. ಒಂದು ವರ್ಷದ ಕೂಸಾಗಿದ್ದಾಗ ಆಕೆಯನ್ನು ಎತ್ತಿಕೊಂಡು ಮರದಡಿಯಲ್ಲಿ ನಿಂತಿದ್ದ ಹೆಂಗಸಿಗೂ ಜೊತೆಯ ಇಬ್ಬರಿಗೂ ಸಿಡಿಲು ಬಡಿದು ಮೂವರೂ ಸತ್ತರು. ಕೂಸು ಮಾತ್ರ ಬದುಕಿತು. ತಂದೆಯು 1810ರಲ್ಲಿ ಸಾಲವನ್ನು ಬಿಟ್ಟು ತೀರಿಕೊಂಡನು. ಆಮೇಲೆ ಕಲ್ಲು ಆಯುವುದೇ ಆ ಮನೆಯ ಒಲೆಯನ್ನು ಉರಿಸುವ ಕಸುಬಾಯಿತು.

1811ರಲ್ಲಿ ಮೇರಿಯ ಅಣ್ಣ ಜೋಸೆಫನು ದಡದಲ್ಲಿ ಸುಮಾರು ನಾಲ್ಕು ಅಡಿ ಉದ್ದದ ಒಂದು ತಲೆಯೋಡನ್ನು ಕಂಡನು. ಮರುವರ್ಷ ಮೇರಿಯು ಅದರ ಮೈಯ ಎಲುಬುಗಳನ್ನು ಪತ್ತೆಮಾಡಿದಳು. ಆಗ ಆಕೆಗೆ ಇನ್ನೂ ಹದಿಮೂರು ತುಂಬುವ ಸಮಯ. ಊರವರು ಅದನ್ನು ಮೊಸಳೆಯೆಂದರು. ಆ ಊರಿನ ಜಹಗೀರುದಾರರಾದ ಹೆನ್ಲಿ ಎಂಬವರು ಸುಮಾರು 23 ಪೌಂಡುಗಳಿಗೆ ಕೊಂಡರು. ಅದು ಕೈಯಿಂದ ಕೈಗೆ ಸಾಗಿ 1819ರಲ್ಲಿ 45 ಪೌಂಡುಗಳಿಗೆ ಬ್ರಿಟಿಷ್ ಮ್ಯೂಸಿಯಂ ಸೇರಿತು. ತಲೆಯೋಡು ಈಗಲೂ ಲಂಡನ್ನಿನ ಪ್ರಕೃತಿವಿಜ್ಞಾನ ಸಂಗ್ರಹಾಲಯದಲ್ಲಿದೆ. ಮೈಯ ಎಲುಬುಗಳು ಎಲ್ಲಿಯೋ ಕಳೆದುಹೋದುವು.

ಈ ಪ್ರಾಣಿಯ ನಾಮಕರಣವು ಒಂದು ದೊಡ್ಡ ಪೇಚಾಟವಾಯಿತು. ಸರ್ ಎವರಾರ್ಡ್ ಹೋಮ್ ಎಂಬ ಹೆಸರಾಂತ ಶಸ್ತ್ರವೈದ್ಯನು 1814ರಿಂದ ಒಂದರ ಮೇಲೊಂದು ಲೇಖನವನ್ನು ಬರೆದು, ಮೊದಲು ಇದನ್ನು ಮೀನುಗಳ ಕಡೆಗೆ ಎಳೆದನು. ಬಳಿಕ ಪ್ರೋಟಿಯಸ್ ಎಂಬ ನೀರಹಲ್ಲಿಗೂ ನೆಲದ ಹಲ್ಲಿಗೂ ನಡುವಣ ಪ್ರಾಣಿಯೆಂದು ತಿಳಿದು 1819ರಲ್ಲಿ ಪ್ರೋಟಿಯೋಸಾರಸ್ ಎಂದು ಕರೆದನು. ಆದರೆ ಅದಕ್ಕೆ ಮೊದಲೇ ಬ್ರಿಟಿಷ್ ಮ್ಯೂಸಿಯಮ್ಮಿನ ಚಾರ್ಲ್ಸ್ ಕೋನಿಗ್ ಎಂಬಾತನು ಮೀನುಹಲ್ಲಿ ಎಂಬರ್ಥದ ಇಕ್ತಿಯೋಸಾರಸ್ ಎಂಬ ಹೆಸರನ್ನು ಸೂಚಿಸಿದ್ದನು. ಅದೇ ನಿಂತಿತು. 1821ರಲ್ಲಿ ಡೆಲಾಬೀಚ್ ಮತ್ತು ಕಾನಿಬೇರ್ ಎಂಬಿಬ್ಬರು ಎಲುಬುಗಳನ್ನು ಒಂದೊಂದಾಗಿ ಹೋಲಿಸಿ ನೋಡಿ, ಇದು ನಿಸ್ಸಂದೇಹವಾಗಿ ಸರೀಸೃಪವೆಂದು ತೋರಿಸಿಕೊಟ್ಟರು. ಹಲ್ಲಿನ ಮತ್ತು ಮೂತಿಯ ಆಕಾರವನ್ನು ಅನುಸರಿಸಿ ಅದರಲ್ಲಿಯೇ ಕೆಲವು ಜಾತಿಗಳನ್ನು ಬೇರ್ಪಡಿಸಿದವರೂ ಅವರೇ.

ಅದೇ ಲೇಖನದಲ್ಲಿ ಅವರು ಬಿಡಿ ಎಲುಬುಗಳಿಂದ ಇನ್ನೊಂದು ಪ್ರಾಣಿಯನ್ನು ಊಹಿಸಿ ಪ್ಲೀಸಿಯೋಸಾರಸ್ ಎಂದು ಹೆಸರಿಟ್ಟಿದ್ದರು. ಊಹೆಯು ನಿಜವೇ ಎಂದು ಹೇಳಲು ಪೂರ್ಣವಾದ ಅಸ್ಥಿಪಂಜರವು ಬೇಕಾಗಿದ್ದಿತು. 1823ರ ಡಿಸೆಂಬರ್ ತಿಂಗಳ ಚಳಿಯಲ್ಲಿ ಮೇರಿ ಆನಿಂಗಳೇ ಅದನ್ನು ಅಗೆದು ತೆಗೆದಳು. ಸುಮಾರು ಒಂಬತ್ತು ಅಡಿ ಉದ್ದ. ಅಷ್ಟು ಮೈಗೆ ಹಿಡಿಯಷ್ಟು ತಲೆ. ನಡುವೆ ಮುಗಿಯದ ಕತ್ತು. ಚಿತ್ರವನ್ನು ನೋಡಿದ ಕೂವಿಯೇ ಪಂಡಿತನು ನಂಬಲಿಲ್ಲ. ಆನೆಗೂ ಇಲಿಗೂ ಕತ್ತಿನಲ್ಲಿ ಏಳೇ ಮಣಿಗಳು. ಈ ಪ್ರಾಣಿಗೆ ಮೂವತ್ತೈದರಷ್ಟು! ಎರಡು ಬೇರೆ ಪ್ರಾಣಿಗಳ ಎಲುಬುಗಳನ್ನು ಸೇರಿಸಿದ್ದಾರೆಂದು ಆತನಿಗೆ ಸಂಶಯವಾಯಿತು. ನಮ್ಮ ಹಳೇಬೀಡಿನ ಗೋಡೆಗಳ ಮೇಲಿನ ಮಕರವನ್ನು ನೋಡಿದ್ದರೆ ಆತನು ಏನೆನ್ನುತ್ತಿದ್ದನೋ! ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ. ಶಿಲ್ಪಿಗೆ ಅದು ಭೂಷಣ. ಆದರೆ ಎಲುಬು ಮಾರಿ ಬದುಕುವ ಹೆಣ್ಣುಮಗಳು ಮಕರವನ್ನು ಮಾಡಿದಳೆಂಬ ಮಾತು ಹಬ್ಬಿದರೆ ಮರುದಿನದಿಂದ ಆಕೆಯ ಮನೆಯ ಬಾಗಿಲಿಗೆ ಗಿರಾಕಿಯೇ ಬರುತ್ತಿರಲಿಲ್ಲ.

1824ರ ಫೆಬ್ರವರಿ 20ರಂದು ಲಂಡನ್ನಿನ ಭೂಶಾಸ್ತ್ರ ಸಂಘದಲ್ಲಿ ಸಭೆ ಕೂಡಿತು. ಕಾನಿಬೇರನು ಒಂದೊಂದು ಮಣಿಯನ್ನೂ ಲೆಕ್ಕವಿಟ್ಟು ಹೇಳಿದನು. ಅಸ್ಥಿಪಂಜರವು ಅಪ್ಪಟವೆಂದು ಎಲ್ಲರೂ ಒಪ್ಪಿದರು. ಕೂವಿಯೇಯೂ ತನ್ನ ಸಂಶಯವನ್ನು ಹಿಂದೆಗೆದುಕೊಂಡನು. ದೊಡ್ಡವರ ಲಕ್ಷಣವದು. ಆದರೆ ಆ ಸಭೆಯಲ್ಲಿ ಅದನ್ನು ಕಂಡು, ಅಗೆದು, ಮುರಿಯದಂತೆ ತೆಗೆದವಳ ಹೆಸರನ್ನು ಯಾರೂ ಎತ್ತಲಿಲ್ಲ. ಆಕೆಯು ಅಲ್ಲಿರುವಂತೆಯೂ ಇರಲಿಲ್ಲ. ಸ್ತ್ರೀಯರನ್ನು ಆ ಸಂಘವು ಸದಸ್ಯರಾಗಿ ಸೇರಿಸಿಕೊಂಡುದು 1919ರಲ್ಲಿ. ಲೇಖನಗಳಲ್ಲಿ ಕೊಂಡವರ ಹೆಸರು ಅಚ್ಚಾಯಿತು, ಬರೆದವರ ಹೆಸರು ಅಚ್ಚಾಯಿತು. ಪೈರು ಬೆಳೆದವನ ಹೆಸರು ಅಕ್ಕಿಯ ಮೂಟೆಯ ಮೇಲೆ ಇರುವುದಿಲ್ಲವೆಂಬುದು ನಮಗೂ ಹೊಸದಲ್ಲ. ಆದರೂ ಇದನ್ನು ಓದುವಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಆಕೆಯು ಬರಿಯ ಆಯುವವಳಾಗಿರಲಿಲ್ಲ. ಲೇಖನಗಳನ್ನು ತರಿಸಿ ಕೈಯಾರೆ ನಕಲು ಮಾಡಿಕೊಳ್ಳುತ್ತಿದ್ದಳು. ಮೀನುಗಳನ್ನು ಕೊಯ್ದು ಒಳಗಿನ ರಚನೆಯನ್ನು ನೋಡುತ್ತಿದ್ದಳು. ದಡದಲ್ಲಿ ಸಿಕ್ಕುತ್ತಿದ್ದ ಒಂದು ಬಗೆಯ ಗುಂಡುಕಲ್ಲುಗಳು ಇಕ್ತಿಯೋಸಾರ್‌ನ ಹೊಟ್ಟೆಯ ಭಾಗದಲ್ಲಿಯೇ ಇರುವುದನ್ನೂ, ಒಡೆದರೆ ಒಳಗೆ ಮೀನಿನ ಎಲುಬು ಹುರುಪೆಗಳು ಕಾಣುವುದನ್ನೂ ಗಮನಿಸಿದಳು. ಬಕ್‌ಲ್ಯಾಂಡ್ ಪಂಡಿತನು 1829ರಲ್ಲಿ ಅವು ಕಲ್ಲಾದ ಮಲವೆಂದು ನಿರ್ಧರಿಸಿದನು. ಊಟದ ಹೊತ್ತಿನಲ್ಲಿ ಓದುತ್ತಿರುವ ವಾಚಕರು ಕ್ಷಮಿಸಬೇಕು. ಸತ್ತ ಪ್ರಾಣಿಯು ಏನು ತಿಂದಿತೆಂದು ಹೇಳಲು ಇದಕ್ಕಿಂತ ಪ್ರಾಮಾಣಿಕವಾದ ಸಾಕ್ಷಿಯಿಲ್ಲ. 1833ರಲ್ಲಿ ದರೆ ಕುಸಿದು ಆಕೆಯ ನಾಯಿಯು ಕಣ್ಣೆದುರಿಗೇ ಸತ್ತಿತು. ಆಕೆಯು ಕೂದಲೆಳೆಯಲ್ಲಿ ಉಳಿದಳು. ಇಷ್ಟಾಗಿಯೂ ಕೈಯಲ್ಲಿ ಕಾಸು ನಿಲ್ಲಲಿಲ್ಲ. 1820ರಲ್ಲಿ ಆ ಕುಟುಂಬವು ಮನೆಯ ಸಾಮಾನು ಮಾರುವ ಸ್ಥಿತಿಗೆ ಬಂದಾಗ ಬರ್ಚ್ ಎಂಬ ನಿವೃತ್ತ ಸೇನಾಧಿಕಾರಿಯು ಅವರಿಂದಲೇ ಕೊಂಡಿದ್ದ ಸಂಗ್ರಹವನ್ನು ಹರಾಜು ಹಾಕಿ, ಬಂದ ಸುಮಾರು 400 ಪೌಂಡುಗಳನ್ನು ಅವರಿಗೇ ಕೊಟ್ಟನು. ಇಂತಹವರೂ ಇದ್ದರೆಂದು ಹೇಳದಿದ್ದರೆ ಅನ್ಯಾಯವಾದೀತು. ಮೇರಿಯು 1847ರಲ್ಲಿ ಎದೆಯ ಹುಣ್ಣಿನಿಂದ, ನಲವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡಳು. ಊರಿನ ದೇವಾಲಯದಲ್ಲಿ ಭೂಶಾಸ್ತ್ರ ಸಂಘದವರು ಆಕೆಯ ನೆನಪಿಗಾಗಿ ಮಾಡಿಸಿದ ಬಣ್ಣದ ಗಾಜಿನ ಕಿಟಕಿಯಿದೆ. ಕಡಲ ಹತ್ತಿರ, ಶಾಲೆಯ ಬಾಲಕಿಯೊಬ್ಬಳು ಮೊದಲು ಮಾಡಿದ ಪ್ರಯತ್ನದ ಫಲವಾಗಿ 2022ರಲ್ಲಿ ನಿಲ್ಲಿಸಿದ ಪ್ರತಿಮೆಯಿದೆ: ಲಂಗವನ್ನು ಗಾಳಿಗೆ ಬಿಟ್ಟು ಬುಟ್ಟಿಯನ್ನು ಹಿಡಿದು ದರೆಯ ಕಡೆಗೆ ಹೆಜ್ಜೆಯಿಡುವ ಹೆಂಗಸು, ಪಕ್ಕದಲ್ಲಿ ಅದೇ ನಾಯಿ.

ಲಂಡನ್ನಿಗೆ ಹಿಂದಿರುಗಿ ಪ್ರಕೃತಿವಿಜ್ಞಾನ ಸಂಗ್ರಹಾಲಯಕ್ಕೆ ಹೋದರೆ, ಒಂದು ಉದ್ದನೆಯ ಮೊಗಸಾಲೆಯ ಗೋಡೆಯ ತುಂಬ ಈ ಪ್ರಾಣಿಗಳನ್ನು ಗಾಜಿನ ಹಿಂದೆ ಜೋಡಿಸಿದ್ದಾರೆ. 1823ರ ಆ ಪ್ಲೀಸಿಯೋಸಾರ್ ಇಲ್ಲಿಯದೇ ಆಸ್ತಿ. ಇಕ್ತಿಯೋಸಾರ್‌ಗಳ ಕಣ್ಣಿನ ಕುಳಿಗಳಲ್ಲಿ ಎಲುಬಿನ ತುಂಡುಗಳ ಉಂಗುರವೊಂದು ಹೂವಿನ ದಳಗಳಂತೆ ಸುತ್ತಿದೆ. ಕೆಲವಕ್ಕೆ ಕಣ್ಣೇ ಊಟದ ತಟ್ಟೆಯಷ್ಟು. ಬಾಲದ ಕಡೆಗೆ ಬಂದಾಗ ಎಲ್ಲವುಗಳ ಬೆನ್ನೆಲುಬೂ ಒಂದು ಕಡೆಯಲ್ಲಿ ಕೆಳಕ್ಕೆ ಬಗ್ಗಿರುವುದನ್ನು ನೋಡಬಹುದು. ಮೊದಮೊದಲು ಇದನ್ನು ಸತ್ತ ಮೇಲೆ ಮುರಿದುದೆಂದೇ ತಿಳಿದು ಚಿತ್ರಗಳಲ್ಲಿ ಬಾಲವನ್ನು ಹಲ್ಲಿಯದರಂತೆ ನೆಟ್ಟಗೆ ಬರೆಯುತ್ತಿದ್ದರು. ಒಂದಲ್ಲ, ಎರಡಲ್ಲ, ಎಲ್ಲವೂ ಒಂದೇ ಜಾಗದಲ್ಲಿ ಮುರಿಯುವುದೆಂದರೇನು ಎಂದು ಓವೆನ್ನನಿಗೆ ಅನುಮಾನವಾಗಿ, ಅಲ್ಲಿ ಒಂದು ರೆಕ್ಕೆಯಿದ್ದಿರಬೇಕೆಂದು ಊಹಿಸಿದನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಹೋಲ್ಟ್ಸ್‌ಮಾಡೆನ್ ಎಂಬಲ್ಲಿಯ ಕರಿಗಲ್ಲಿನಲ್ಲಿ ಚರ್ಮದ ಅಂಚಿನ ಗುರುತು ಸಹಿತವಾದ ಶವಗಳು ದೊರೆತಾಗ ಊಹೆಯು ದಿಟವಾಯಿತು. ಬಗ್ಗಿದ ಬೆನ್ನೆಲುಬು ಬಾಲದ ಕೆಳಗಿನ ಹಾಳೆಯೊಳಕ್ಕೆ ಸಾಗುತ್ತದೆ. ಅದೇ ಊರಿನ ಕಲ್ಲುಗಳಲ್ಲಿ ಗರ್ಭದೊಳಗೆ ಮರಿಗಳಿರುವ ತಾಯಂದಿರೂ ಸಿಕ್ಕಿದ್ದಾರೆ. ಮೊಟ್ಟೆಯಿಡಲು ನೆಲಕ್ಕೆ ಬರಲಾರದ ಈ ಸರೀಸೃಪಗಳು ಕಡಲಿನಲ್ಲಿಯೇ ಮರಿಹಾಕುತ್ತಿದ್ದುವು. ಆ ಚಿತ್ರದ ಮುಂದೆ ನನ್ನ ಮನೆಯವರು ಬಹಳ ಹೊತ್ತು ನಿಂತರು, ನಾನೂ ಕರೆಯಲಿಲ್ಲ.

ಗುರುತಿಸುವ ಕೆಲಸವು ಮುಗಿಯಿತೆಂದು ತಿಳಿಯಬಾರದು. ಇಂಗ್ಲೆಂಡಿನ ಡಾಂಕಾಸ್ಟರ್ ಊರಿನ ಸಂಗ್ರಹಾಲಯದಲ್ಲಿ ಒಂದು ಇಕ್ತಿಯೋಸಾರ್ ಬಹುಕಾಲ ಗಾರೆಯ ಪ್ರತಿಯೆಂಬ ನಂಬಿಕೆಯಲ್ಲಿ ಬಿದ್ದಿದ್ದಿತು. 2008ರಲ್ಲಿ ಡೀನ್ ಲೋಮ್ಯಾಕ್ಸ್ ಎಂಬ ತರುಣನು ಅದನ್ನು ನೋಡಿ, ಗಾರೆಯಲ್ಲ, ನಿಜವಾದ ಎಲುಬೆಂದು ಕಂಡುಹಿಡಿದನು. ತರುವಾಯ ಜೂಡಿ ಮ್ಯಾಸರೆ ಎಂಬ ವಿದುಷಿಯ ಸಂಗಡ ನೂರಾರು ಮಾದರಿಗಳನ್ನು ಹೋಲಿಸಿ, ತೋಳಿನ ಎಲುಬು ಮೊದಲಾದುವುಗಳಲ್ಲಿ ಕಂಡ ಭೇದದಿಂದ ಅದು ಹೊಸ ಜಾತಿಯೆಂದು ತೀರ್ಮಾನಿಸಿ, 2015ರಲ್ಲಿ ಇಕ್ತಿಯೋಸಾರಸ್ ಆನಿಂಗೇ ಎಂದು ಹೆಸರಿಟ್ಟರು. ಮೇರಿಯ ಹೆಸರು ಹೀಗೆ ಆಕೆಯ ಪ್ರಾಣಿಗೆ ಸಂದಿತು. ಇದಕ್ಕೆ ವಿರುದ್ಧವಾದ ಸಂಗತಿಯೂ ಉಂಟು. 1818ರಲ್ಲಿ ಮೇರಿಯು ಕಂಡ, ಹೋಮನು ವರ್ಣಿಸಿದ ಮೊದಲ ಪೂರ್ಣ ಇಕ್ತಿಯೋಸಾರ್ 1941ರ ಮೇ ತಿಂಗಳ ಬಾಂಬಿನ ದಾಳಿಯಲ್ಲಿ ಲಂಡನ್ನಿನ ಶಸ್ತ್ರವೈದ್ಯರ ಕಾಲೇಜಿನೊಂದಿಗೆ ಸುಟ್ಟುಹೋದುದು. ಅದರ ಗಾರೆಯ ಪ್ರತಿಗಳೆರಡು ಅಮೆರಿಕದ ಯೇಲ್ ವಿದ್ಯಾಪೀಠದಲ್ಲಿಯೂ ಬರ್ಲಿನ್ನಿನಲ್ಲಿಯೂ ಇರುವುದನ್ನು ಇದೇ ಇಬ್ಬರು ಪತ್ತೆಮಾಡಿ 2022ರಲ್ಲಿ ಪ್ರಕಟಿಸಿದರು. ಒಂದೆಡೆ ಗಾರೆಯೆಂದು ತಿಳಿದುದು ಎಲುಬಾಯಿತು; ಇನ್ನೊಂದೆಡೆ ಎಲುಬು ಬೂದಿಯಾಗಿ ಗಾರೆಯೇ ಸಾಕ್ಷಿಯಾಯಿತು.

ಮಕ್ಕಳಿರುವ ಮನೆಯವರಿಗಾಗಿ ಇನ್ನೊಂದನ್ನು ಹೇಳಬೇಕು. 2020ರಲ್ಲಿ ಸಾಮರ್ಸೆಟ್ ಪ್ರಾಂತ್ಯದ ದಡದಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ತಂದೆಯೊಡನೆ ನಡೆಯುತ್ತಿದ್ದಾಗ ಒಂದು ದೊಡ್ಡ ಎಲುಬಿನ ತುಂಡನ್ನು ಕಂಡಳು. ಅದು ಕೆಳದವಡೆಯ ಭಾಗ. ನಾಲ್ಕು ವರ್ಷಗಳ ಹಿಂದೆ ಹತ್ತಿರದ ಇನ್ನೊಂದು ದಡದಲ್ಲಿ ದೊರೆತಿದ್ದ ಅದೇ ಬಗೆಯ ಎಲುಬಿನ ಪಕ್ಕದಲ್ಲಿಟ್ಟು ನೋಡಿದ ಮೇಲೆ, ಅದು ಸುಮಾರು 25 ಮೀಟರುಗಳಷ್ಟು ಉದ್ದವಿದ್ದಿರಬಹುದಾದ ಇಕ್ತಿಯೋಸಾರ್ ಎಂದು ಅಂದಾಜು ಮಾಡಿ 2024ರಲ್ಲಿ ಇಕ್ತಿಯೋಟೈಟನ್ ಎಂದು ಹೆಸರಿಟ್ಟರು. ಲೇಖನದ ಕರ್ತೃಗಳ ಸಾಲಿನಲ್ಲಿ ಆ ಹುಡುಗಿಯ ಹೆಸರೂ ಇದೆ. ಇನ್ನೂರು ವರ್ಷಗಳಲ್ಲಿ ಇಷ್ಟಾದರೂ ಬದಲಾಗಿದೆ.

“ನಮ್ಮ ಊರ ಕಡೆ ಇವು ಸಿಕ್ಕುವುದಿಲ್ಲವೇ, ಚಿಕ್ಕಪ್ಪ?” ಎಂದು ಹುಡುಗಿಯು ಹಿಂದಿರುಗುವ ರೈಲಿನಲ್ಲಿ ಕೇಳಿದಳು. ಕನ್ನಡನಾಡಿನಲ್ಲಿ ಸಿಕ್ಕುವ ಭರವಸೆಯಿಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯು ಸುಮಾರು 300 ಕೋಟಿ ವರ್ಷಗಳದು. ಅದು ಹುಟ್ಟಿದಾಗ ಎಲುಬೆಂಬ ಪದಾರ್ಥವೇ ಲೋಕದಲ್ಲಿರಲಿಲ್ಲ. ನಮ್ಮ ನೆಲದ ಬಹುಭಾಗವೂ ಅಂತಹ ಮುದಿಬಂಡೆಯೇ. ಬಡಗಣ ಜಿಲ್ಲೆಗಳ ಕರಿಯ ಕಲ್ಲಾದರೋ ಉಕ್ಕಿ ಹರಿದ ಲಾವಾರಸ. ಆದರೆ ನೆರೆಯ ತಮಿಳುನಾಡಿನ ತಿರುಚಿರಾಪಳ್ಳಿಯ ಕಡೆಯಲ್ಲಿ ಹಳೆಯ ಕಡಲಿನ ಮಣ್ಣು ಉಂಟು. ಅಲ್ಲಿ ದೊರೆತ ಕೆಲವು ಸವೆದ ಬೆನ್ನುಮಣಿಗಳಿಗೆ ಲಿಡೆಕ್ಕರ್ ಎಂಬ ಪಂಡಿತನು 1879ರಲ್ಲಿ ಇಕ್ತಿಯೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟನು. ಬಟ್ಟಲಿನಂತಹ ಮುಖದಿಂದ ಅದು ಇಕ್ತಿಯೋಸಾರ್ ಎಂದು ಹೇಳಬಹುದೇ ಹೊರತು, ಯಾವ ಜಾತಿಯೆಂದು ಬರಿಯ ಬೆನ್ನುಮಣಿಯಿಂದ ನಿಶ್ಚಯಿಸಲಾಗದು. ಆದಕಾರಣ ಇಂದಿನವರು ಆ ಹೆಸರನ್ನು ಸಂದಿಗ್ಧವೆಂದು ಪಕ್ಕಕ್ಕಿಟ್ಟಿದ್ದಾರೆ.

ಅದಕ್ಕಿಂತ ಮಿಗಿಲಾದುದು ಗುಜರಾತಿನ ಕಚ್ಛದಲ್ಲಿ ದೊರೆಯಿತು. ಲೋಡಾಯಿ ಎಂಬ ಹಳ್ಳಿಯ ಬಳಿ, ಸುಮಾರು 15 ಕೋಟಿ ವರ್ಷಗಳಷ್ಟು ಹಳೆಯ ಕಲ್ಲಿನಲ್ಲಿ, ಐದೂವರೆ ಮೀಟರ್ ಉದ್ದದ ಒಂದು ಇಕ್ತಿಯೋಸಾರ್ ಹೆಚ್ಚುಕಡಿಮೆ ಇಡಿಯಾಗಿ ಮಲಗಿದ್ದಿತು. ದೆಹಲಿ ವಿಶ್ವವಿದ್ಯಾನಿಲಯದ ಗುಂಟುಪಲ್ಲಿ ಪ್ರಸಾದರೂ ಅವರ ಸಂಗಡಿಗರೂ 2017ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ತಲೆಯ ಮತ್ತು ಬಾಲದ ಕೆಲವು ಭಾಗಗಳು ಸವೆದು ಹೋಗಿವೆ. ಆಫ್ತಾಲ್ಮೋಸಾರ್‌ಗಳೆಂಬ ದೊಡ್ಡ ಕಣ್ಣಿನ ಕುಟುಂಬಕ್ಕೆ ಅದು ಸೇರಿದುದೆಂದು ಅವರು ಧೈರ್ಯವಾಗಿ ಹೇಳಿದರು. ಅದಕ್ಕಿಂತ ಮುಂದೆ ಹೋಗಲು ಬೇಕಾದ ಎಲುಬುಗಳು ಕೈಯಲ್ಲಿಲ್ಲವೆಂದು ಆ ಲೇಖನದಲ್ಲಿ ಅದಕ್ಕೆ ಹೊಸ ಹೆಸರನ್ನು ಇಡದೆ ಬಿಟ್ಟರು.